ಒಡೆಯದೆ ಉಳಿದ ಗಾಜು

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ತಾಸು ತುಂಬುವ ಹೊತ್ತಾದರೆ ಜನವೆಲ್ಲ ಒಂದೇ ದಿಕ್ಕಿಗೆ ಓಡುತ್ತದೆ. ಅಲ್ಲಿಯ ಇಂಗ್ಲಿಷ್ ಗಡಿಯಾರದಲ್ಲಿ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಹೋಗುತ್ತದೆ. ಅದನ್ನು ನೋಡದೆ ಊರಿಗೆ ಮರಳಿದರೆ ಮ್ಯೂಸಿಯಂ ನೋಡಿದ ಲೆಕ್ಕವೇ ಅಲ್ಲ. ಅಷ್ಟು ಹೊತ್ತು ಯುರೋಪಿನ ಗಾಜಿನ ಸಾಮಾನಿನ ಗ್ಯಾಲರಿ ಬಿಕೋ ಎನ್ನುತ್ತದೆ. ಗಾಜು ನೋಡುವವರಿಗೆ ಅದಕ್ಕಿಂತ ಒಳ್ಳೆಯ ವೇಳೆ ಇಲ್ಲ.

ಈ ಮಾತುಕತೆಯ ಇಬ್ಬರೂ ಕಲಬುರಗಿಯವರು. ಒಬ್ಬರು ಜೀವಮಾನವಿಡೀ ಬಳೆ ಅಂಗಡಿ ನಡೆಸಿ ಈಗ ಗಲ್ಲೆಯ ಮೇಲೆ ಮಗನನ್ನು ಕೂರಿಸಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಬಳೆ ಅಂಗಡಿಗಳ ಲಾಡ್ ಬಜಾರಿಗೆ ಹೋಗುವ ದಾರಿಯಲ್ಲಿ ಕಾಕಾನನ್ನು ಒಳಗೆ ಎಳೆದುಕೊಂಡು ಬಂದವಳು ಅವಳೇ.

ಕಾಕಾ: ಗಾಜಿನ ಹಿಂದ ಗಾಜು, ಅದರ ಹಿಂದ ಮತ್ತ ಗಾಜು. ನನಗಂತೂ ನನ್ನ ಮಾರಿ ಮತ್ತ ಮ್ಯಾಲಿನ ಲೈಟು, ಎರಡೇ ಕಾಣ್ಲಾಕತ್ಯಾವ.

ಮಗಳು: ಜರಾ ಬಾಜೂಕ ಸರೀರಿ ಕಾಕಾ. ನೇರ ನಿಂತ್ರ ಹೊಳಪು ಕಣ್ಣಿಗೆ ಬಡೀತದ. ಹಾಂ, ಈಗ ಈ ಕೆಂಪು ಬಟ್ಟಲು ನೋಡ್ರಿ.

ಕಾಕಾ: ಕೆಂಪು ಗಾಜು ನನಗ ಹೊಸಾದೇನು? ಆದ್ರ ಈ ಕೆಂಪು ಬರೇ ಮ್ಯಾಲಿಂದು. ಹೂಬಳ್ಳಿ ಕೊರದಲ್ಲೆಲ್ಲ ಒಳಗಿನ ಬಿಳಿ ಹೊರಗ ಬಂದದ. ಪೂರಾ ಕೆಂಪು ಗಾಜು ಅಂತ ಹೇಳಿ ಯಾರರ ಇದನ್ನ ನನಗ ಮಾರ್ಲಾಕ ಬಂದಿದ್ರ ವಾಪಸ್ ಕಳಿಸ್ತಿದ್ದೆ.

ಮಗಳು: ಒಂದೇ ನೋಟಕ್ಕ ಹಿಡಿದ್ರಲ್ಲ! ಇದು ಬೊಹೀಮಿಯಾದ್ದು, ಈಗಿನ ಝೆಕ್ ದೇಶ. ಎಗರ್ಮಾನ್ ಅಂತ ಒಬ್ಬಾಂವ 1830ರ ಆಚೀಚೆ ಈ ಕೆಲಸಾ ಕಂಡುಹಿಡದ. ಬಿಳೀ ಗಾಜಿಗೆ ತಾಮ್ರದ ಲೇಪ ಹಚ್ಚಿ ಮತ್ತ ಭಟ್ಟಿಗೆ ಕೊಟ್ರ ಮ್ಯಾಲ ಕೆಂಪು ಪೊರಿ ಕೂಡ್ತದ. ತಿರುಗೋ ಗಾಲಿಗೆ ಹಿಡದು ಆ ಪೊರಿ ಕೊರದ್ರ ಒಳಗಿನ ಬಿಳೀದೇ ಚಿತ್ರ ಆಗ್ತದ. ಅದಕ್ಕಿಂತ ಮದಲ ಇಂಥಾ ಬಟ್ಟಲಿಗೆ ಚಲೋ ಕೆಂಪು ಬೇಕಂದ್ರ ಹೆಚ್ಚಾಗಿ ಬಂಗಾರನೇ ಹಾಕ್ತಿದ್ರು.

ಕಾಕಾ: ಗಾಜಿನಾಗ ಬಂಗಾರ?

ಮಗಳು: ರವದಷ್ಟು. ಆಮ್ಲದಾಗ ಕರಗಿಸಿ ಸೇರಸ್ತಿದ್ರು. ಜರ್ಮನಿಯ ಪೊಟ್ಸ್‌ಡಾಮಿನಾಗ ಕುಂಕೆಲ್ ಅನ್ನಾಂವ ಹದಿನೇಳನೇ ಶತಮಾನದಾಗ ಅದರ ಹದಾ ಹಿಡದಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಆಗಿ ಗಾಜಿನಾಗ ಕೂತ್ರ ಬಂಗಾರ ಹಳದಿ ಕಾಣಂಗಿಲ್ಲ, ಮಾಣಿಕದ ಕೆಂಪು ಕೊಡ್ತದ. ಯಾಕ ಹಿಂಗ ಅಂತ ಮೈಕೆಲ್ ಫ್ಯಾರಡೆ 1857ರಾಗ ಹೇಳಿದ. ಅಲ್ಲೀತನಕ ಮಾಡೋರಿಗೆ ಹದಾ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಕಾಕಾ: ಹದಾ ಗೊತ್ತಿದ್ರ ಹೊಟ್ಟಿ ತುಂಬ್ತದ. ಕಾರಣ ನಿನ್ನಂಥಾ ಮಾಸ್ತರಿಣಿಗಳಿಗೆ ಬೇಕು. ಇರಲಿ. ಈಗ ನನಗ ಇದನ್ನ ಉಗುರಿಲೆ ಒಮ್ಮಿ ಬಡದು ನೋಡಬೇಕು.

ಮಗಳು: ಕಾಕಾ! ಸಿಪಾಯಿ ಅಲ್ಲೇ ನಿಂತಾನ.

ಕಾಕಾ: ಅದಕ್ಕೇ ಹೇಳ್ಲಾಕತ್ತೀನಿ. ಬಳಿ ಕಟ್ಟು ಬಿಚ್ಚಿದ ಕೂಡ್ಲೆ ನಾವು ಮದಲ ಮಾಡೂದು ಅದನ್ನ. ಕೈಯಾಗ ಹಿಡದು ಝಣ್ ಅನಸೂದು. ಒಂದರಾಗ ಕೂದಲೆಳಿಯಷ್ಟು ಸೀಳಿದ್ರೂ ದನಿ ಹೇಳ್ತದ, ಕಣ್ಣಿಗೆ ಆಮ್ಯಾಲ ಕಾಣ್ತದ. ಗಾಜಂದ್ರ ಅರ್ಧ ದನಿ, ತಂಗಿ. ಇಲ್ಲಿ ಇಷ್ಟು ದೊಡ್ಡ ಹಾಲಿನ ತುಂಬ ಗಾಜು ಅದ, ಒಂದೂ ಮಾತಾಡಂಗಿಲ್ಲ.

ಮಗಳು: ಆ ದನಿಗೂ ಒಂದು ಕಥಿ ಅದ. ಲಂಡನ್ನಿನಾಗ ರೇವನ್ಸ್‌ಕ್ರಾಫ್ಟ್ ಅಂತ ವ್ಯಾಪಾರಿ 1674ರಾಗ ಹೊಸಾ ತರದ ಗಾಜಿಗೆ ಪೇಟೆಂಟ್ ತಗೊಂಡ. ಆದ್ರ ಅವನ ಮದಲಿನ ಮಾಲು ಕೆಲವೇ ದಿವಸದಾಗ ಬೆವರಿ, ಮಬ್ಬಾಗಿ, ಮೈತುಂಬ ಸಣ್ಣ ಬಿರುಕು ಬಿಡ್ತು. ಹದಾ ತಪ್ಪಿತ್ತು, ಕ್ಷಾರ ಹೆಚ್ಚಾಗಿತ್ತು. ಸೀಸದ ಆಕ್ಸೈಡ್ ಪ್ರಮಾಣ ಏರಿಸಿದ ಮ್ಯಾಲ ಸರಿ ಆತು. ಜನಕ್ಕ ನಂಬಿಕಿ ಬರಲಿ ಅಂತ ಕಾಗಿ ತಲಿಯ ಮುದ್ರಿ ಒತ್ತಿ ಮಾರ್ಲಾಕ ಸುರು ಮಾಡಿದ. ಇಂಗ್ಲಿಷರ ಸೀಸದ ಗಾಜು ಬಡದ್ರ ಹೊತ್ತು ಹಿಡದು ಗುಂಯ್‌ಗುಡೂದು ಅಲ್ಲಿಂದ ಸುರು.

ಕಾಕಾ: ಕೆಟ್ಟ ಮಾಲು ಕೊಟ್ಟು, ತಿದ್ದಿಕೊಂಡು, ಮುದ್ರಿ ಒತ್ತಿ ಮತ್ತ ಪ್ಯಾಟಿಗೆ ನಿಂತ. ಅಂವ ವ್ಯಾಪಾರಿ ನೋಡು. ಅಂವ ಮಾಡಿದ್ದು ಬಡದು ನೋಡ್ಲಿ ಅಂತ. ನೀವು ಅದನ್ನ ಪೆಟಗ್ಯಾಗ ಇಟ್ಟು ಬಾಯಿ ಕಟ್ಟೀರಿ. ತಳಾನರ ತೋರಸ್ತಾರೇನು? ತಳಾ ನೋಡದ ಮಾಲು ನಾ ಅಂಗಡಿಗೆ ತಗೊಂಡಾಂವಲ್ಲ.

ಮಗಳು: ತಳದ ಮಾತು ಖರೆ ಅದ. ಊದಿದ ಗಾಜನ್ನ ಬಾಯಿ ತಿದ್ದೋ ಹೊತ್ತಿನಾಗ ತಳಕ್ಕ ಒಂದು ಕಬ್ಬಿಣದ ಸರಳು ಅಂಟಿಸಿ ಹಿಡೀತಿದ್ರು. ಕೆಲಸಾ ಮುಗದ ಮ್ಯಾಲ ಸರಳು ಮುರದ್ರ ಅಲ್ಲೊಂದು ಒರಟು ಗಾಯ ಉಳೀತದ. ತುಟ್ಟಿ ಸಾಮಾನಿನಾಗ ಅದನ್ನ ತಿಕ್ಕಿ ನುಣ್ಣಗ ಮಾಡ್ತಿದ್ರು. ಕೈಲೆ ಮಾಡಿದ್ದೋ ಅಚ್ಚಿನಾಗ ಒತ್ತಿದ್ದೋ ಅಂತ ಗುರ್ತು ಹಿಡೀಲಾಕ ಅದೊಂದು ಚಲೋ ಜಾಗ. ಇಲ್ಲಿ ಕೆಳಗೊಂದು ಕನ್ನಡಿ ಇಟ್ಟಿದ್ರ ಭಾಳ ಚಲೋ ಇತ್ತು. ಆದ್ರ ಪೆಟಗಿ ಬ್ಯಾಡ ಅನ್ನೂದು ನಾ ಒಪ್ಪಂಗಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂದಾಗ ಪೋರ್ಟ್‌ಲ್ಯಾಂಡ್ ವಾಸ್ ಅಂತ ರೋಮನ್ನರ ಕಾಲದ ಹೂಜಿ ಅದ. ನೀಲಿ ಗಾಜಿನ ಮ್ಯಾಲ ಬಿಳೀ ಗಾಜಿನ ಪದರ, ಆ ಬಿಳಿ ಕೊರದು ಬೊಂಬಿ ತಗದಾರ. 1845ರಾಗ ಒಬ್ಬ ಕುಡುಕ ಒಳಗ ಬಂದು ಅಲ್ಲೇ ಇದ್ದ ಇನ್ನೊಂದು ಕಲ್ಲಿನ ಶಿಲ್ಪಾ ಎತ್ತಿ ಅದರ ಮ್ಯಾಲ ಒಗದ. ಸುಮಾರು ಹದಿನೆಂಟು ನೂರು ವರ್ಷ ತಡದಿದ್ದು ಒಂದು ಕ್ಷಣದಾಗ ಚೂರುಚೂರು.

ಕಾಕಾ: ಪೆಟಗಿ ಇರಲಿಲ್ಲೇನು?

ಮಗಳು: ಇತ್ತು. ಅದೂ ಒಡೀತು. ಮಜಾ ಕೇಳ್ರಿ. ಆಗಿನ ಕಾಯ್ದೆ ಪ್ರಕಾರ ಐದು ಪೌಂಡಿಗಿಂತ ಹೆಚ್ಚು ಬೆಲಿ ಸಾಮಾನು ಒಡದವರಿಗೆ ಆ ಕಲಮು ಹತ್ತಂಗಿರಲಿಲ್ಲ. ಹಂಗಾಗಿ ಹೂಜಿ ಒಡದದ್ದಕ್ಕ ಅಲ್ಲ, ಹೂಜಿ ಇಟ್ಟ ಪೆಟಗಿಯ ಗಾಜು ಒಡದದ್ದಕ್ಕ ಅವನಿಗೆ ಶಿಕ್ಷಾ ಆತು. ಮೂರು ಪೌಂಡು.

ಕಾಕಾ: ಶಾಬ್ಬಾಸ್! ಅಂದ್ರ ಕೋರ್ಟಿಗೂ ಬೆಲಿ ಕಂಡದ್ದು ಪೆಟಗೀದೇ.

ಮಗಳು: ಚೂರು ಜೋಡಿಸಿ ಮತ್ತ ಇಟ್ಟಾರ, ಕಾಕಾ. ಅಂಟು ಹಳೇದಾದಂಗ ಬಿಚ್ಚಿ ಮತ್ತ ಮತ್ತ ಜೋಡಿಸ್ಯಾರ. ಇವತ್ತೂ ನೋಡ್ಲಾಕ ಸಿಗ್ತದ.

ಕಾಕಾ ನಕ್ಕು ಸುಮ್ಮನಾಗಲಿಲ್ಲ. ಅವರ ಹೊಟ್ಟೆಯಲ್ಲಿದ್ದ ಮಾತು ಬೇರೆಯೇ ಇತ್ತು. ಗಾಜನ್ನು ಮುಟ್ಟಲಾಗದ ಸಿಟ್ಟು ಅದರ ಪೀಠಿಕೆ ಮಾತ್ರ. ಮುಂದಿನ ಕೋಣೆಯ ತೂಗುದೀಪದ ಕೆಳಗೆ ನಿಂತು ಅವರು ಅದನ್ನು ಹೊರಗೆ ಹಾಕಿದರು.

ಕಾಕಾ: ನಿನ್ನ ಕಾಕೂನ ತವರು ಕೊಪ್ಪಳದ ಕಡೆ, ಗೊತ್ತದಲ್ಲ? ಕೊಪ್ಪಳ ಯಾರ ಜಹಗೀರಿ ಇತ್ತು ಹೇಳು.

ಮಗಳು: ನಿಜಾಮರ ದಿವಾನರು, ಸಾಲಾರ್ ಜಂಗರದು.

ಕಾಕಾ: ಹಾಂ. ನಮ್ಮ ಮಾವನೋರ ಅಪ್ಪ ಜ್ವಾಳಾ ಬೆಳದು ಸಾರಾ ಕಟ್ಟಿದ್ದು ಈ ಮನಿತನಕ್ಕ. ಈ ಝೂಮರಿನ ಒಂದು ಲೋಲಕ ಅವರ ಹೊಲದ್ದೂ ಇದ್ದೀತು. ಅದರ ಲೆಕ್ಕಾ ಎಲ್ಲಿ ಬರದಾರ? ಚೀಟಿ ಮ್ಯಾಲ ‘ಬೊಹೀಮಿಯಾ, ಹತ್ತೊಂಬತ್ತನೇ ಶತಮಾನ’ ಅಂತ ಅದ. ‘ಕೊಪ್ಪಳ ತಾಲೂಕು’ ಅಂತ ಇಲ್ಲ. ನವಾಬ್ರು ಸಂತಿ ಮಾಡಿದ್ದನ್ನ ನಾವು ಟಿಕೆಟ್ ತಗೊಂಡು ನೋಡೂದು, ವಾಹ್ ಅನ್ನೂದು. ನನ್ನ ಕೈಲೆ ಆಗಂಗಿಲ್ಲ.

ಮಗಳು: ಅದನ್ನ ನಾ ತಿರುವಿ ಹಾಕ್ತೀನ್ರಿ. ಕೊಪ್ಪಳದ ರೊಕ್ಕ ಇದರಾಗ ಸೇರೇದ ಅಂದ್ರ ಇದರಾಗ ನಮ್ಮದೂ ಪಾಲದ ಅಂತಾತು. ನಮ್ಮ ಪಾಲಿನ ಸಾಮಾನಿಗೆ ನಾವೇ ಬೆನ್ನು ಕೊಡೂದು ಯಾವ ನ್ಯಾಯ? ಮೂರನೇ ಸಾಲಾರ್ ಜಂಗ್ ಮದುವಿ ಆಗಲಿಲ್ಲ, ಮಕ್ಕಳಿಲ್ಲ. 1949ರಾಗ ತೀರಿಕೊಂಡ್ರು. ಅಜ್ಜ ಕೂಡಿಸಿದ್ದು, ಅಪ್ಪ ಕೂಡಿಸಿದ್ದು, ತಾವು ಕೂಡಿಸಿದ್ದು ಎಲ್ಲಾ ಮನೀ ತುಂಬ ಬಿದ್ದಿತ್ತು. ಹರಾಜಾಗಿ ಲಂಡನ್ನಿಗೆ ವಾಪಸ್ ಹೋಗ್ಲಾಕ ಏನು ಅಡ್ಡಿ ಇತ್ತು? ಹಂಗಾಗಲಿಲ್ಲ. 1951ರ ಡಿಸೆಂಬರದಾಗ ಅವರ ದಿವಾನ್ ದೇವಡಿಯೊಳಗೇ ಮ್ಯೂಸಿಯಂ ಮಾಡಿದ್ರು, ನೆಹರೂ ಬಂದು ಬಾಗಿಲು ತಗದ್ರು. ವಾರಸುದಾರರ ಜೋಡಿ ರಾಜಿ ಆತು, 1961ರಾಗ ಪಾರ್ಲಿಮೆಂಟ್ ಕಾಯ್ದೆ ಮಾಡ್ತು. ಜಹಗೀರದಾರರ ದಿವಾನಖಾನೆ ಒಳಗ ಕೊಪ್ಪಳದ ರೈತ ಕಾಲಿಡಲಿಕ್ಕ ಆಗ್ತಿತ್ತೇನು? ಈಗ ನೀವು ಅವರ ಸಾಮಾನಿನ ಮುಂದ ಚಪ್ಪಲಿ ಕಾಲಿಲೆ ನಿಂತು ಬೈಲಾಕತ್ತೀರಿ.

ಕಾಕಾ: ಬೈಯೂ ಹಕ್ಕು ಕೊಟ್ಟಾರಂತ ನಾ ಹಾರಾ ಹಾಕಬೇಕೇನು? ಕಿನ್ನಾಳ ಗೊತ್ತಲ್ಲ, ಕೊಪ್ಪಳದ ಮಗ್ಗಲಕ. ಕಟಿಗಿ ಗೊಂಬಿ ಮಾಡೋ ಚಿತ್ರಗಾರರ ಊರು. ಜಹಗೀರಿ ಒಳಗಿದ್ದ ಕಲಾ ಬಿಟ್ಟು ಸಮುದ್ರದ ಆಚಿಂದ ಗಾಜು ತರಿಸಿದ್ರು.

ಮಗಳು: ಆಚಿಂದಷ್ಟೇ ಅಲ್ಲ. ಇದೇ ಕಟ್ಟಡದಾಗ ಬೀದರದ ಬಿದ್ರಿ ಸಾಮಾನಿಗೆ ಜಾಗಾ ಅದ. ಆಮ್ಯಾಲ ನೋಡೂಣು. ಇನ್ನೊಂದು ಮಾತು ಹೇಳಲೇನು? ಮನೀ ತುಂಬ ಬಿದ್ದ ಈ ಸಾಮಾನೆಲ್ಲ ಮದಲ ಜೋಡಿಸಿ ಮ್ಯೂಸಿಯಂ ರೂಪಕ್ಕ ತಂದಾಂವ ಐರ್ಲೆಂಡಿನ ಜೇಮ್ಸ್ ಕಸಿನ್ಸ್.

ಕಾಕಾ: ಯಾವ ಕಸಿನ್ಸ್? ಕುವೆಂಪು ಅವರಿಗೆ ಇಂಗ್ಲಿಷಿನಾಗ ಬರೀಬ್ಯಾಡ, ನಿಮ್ಮ ಭಾಷಾದಾಗ ಬರಿ ಅಂದಾಂವ?

ಮಗಳು: ಅವರೇ. ಮೈಸೂರಿನ ಜಗನ್ಮೋಹನ ಅರಮನಿಯ ಚಿತ್ರಶಾಲಾ ಹೊಂದಿಸಿದವರೂ ಅವರೇ.

ಕಾಕಾ: ಅಲ್ಲಿ ಹುಡುಗನಿಗೆ ಮನೀದು ಬಳಸು ಅಂದ. ಇಲ್ಲಿ ಬಂದು ಪರದೇಶದ್ದು ಜೋಡಿಸಿದ. ಇದಕ್ಕೇನಂತಿ?

ಮಗಳು: ಏನನ್ನಲಿ? ಬರೆಯೂದು ಬ್ಯಾರೆ, ಕೂಡಿಸೂದು ಬ್ಯಾರೆ. ಬರೆಯಾಂವ ತನ್ನದರಾಗ ಬರೀಬೇಕು. ನೋಡಾಂವ ಎಲ್ಲಾರದೂ ನೋಡಬೇಕು.

ಇದು ಜಾಣ ಉತ್ತರ. ಸರಿಯಾದ ಉತ್ತರವೋ ಅಲ್ಲವೋ ಹೇಳುವುದು ಕಷ್ಟ. ಕಾಕಾಗೂ ಹಾಗೇ ಅನಿಸಿರಬೇಕು. ಅವರು ಉತ್ತರ ಕೊಡದೆ ಒಂದೇ ತರದ ವೈನ್ ಗ್ಲಾಸುಗಳ ಸಾಲಿನ ಮುಂದೆ ಹೋಗಿ ನಿಂತರು. ಅಂಚಿನ ಬಂಗಾರದ ಗೆರೆ ಎಲ್ಲೂ ಸವೆದಿಲ್ಲ. ಬಾಯಿ ಬಡಿಯುವ ಜಾಗ ಅದು. ದಿನಾ ಬಳಸಿದ ಗ್ಲಾಸಿನಲ್ಲಿ ಮೊದಲು ಹೋಗುವುದೇ ಆ ಗೆರೆ.

ಕಾಕಾ: ನೋಡು, ಇದನ್ನ ಯಾರೂ ಕುಡದಿಲ್ಲ.

ಮಗಳು: ಹ್ಯಾಂಗ ಹೇಳ್ತೀರಿ?

ಕಾಕಾ: ಅಂಚು ಹೇಳ್ತದ. ಕುಡದಿದ್ರ ಬಂಗಾರ ಹೋಗಿರ್ತಿತ್ತು, ತೊಳದಿದ್ರ ಇನ್ನಷ್ಟು ಹೋಗಿರ್ತಿತ್ತು, ಹತ್ತು ವರ್ಷದಾಗ ನಾಲ್ಕರ ಒಡದಿರ್ತಿದ್ವು. ನಿನ್ನ ಮ್ಯೂಸಿಯಂದ ಗುಟ್ಟು ಈಗ ನನಗ ತಿಳೀತು. ಜನ ಬಳಸಿದ ಗಾಜೆಲ್ಲ ಒಡದು ತಿಪ್ಪಿಗೆ ಹೋತು. ಯಾರೂ ಬಳಸದ್ದು ಇಲ್ಲಿ ಬಂತು. ಹಳೇ ಕಾಲದವರು ಹ್ಯಾಂಗ ಬಾಳಿದ್ರು ಅಂತ ತೋರಸ್ತೀವಿ ಅಂತೀರಿ. ಅವರು ಯಾವುದರ ಜೋಡಿ ಬಾಳಲಿಲ್ಲೋ ಅದನ್ನ ತೋರಸ್ಲಾಕತ್ತೀರಿ.

ಮಗಳು: ಇದಕ್ಕ ನನ್ನ ಹತ್ರ ಪೂರಾ ಉತ್ತರಿಲ್ಲ. ನಿಮ್ಮ ಮಾತಿಗೇ ಸಾಕ್ಷಿ ಬೇಕಂದ್ರ ಉದಯಪುರಕ್ಕ ಹೋಗ್ರಿ. ಮಹಾರಾಣಾ ಸಜ್ಜನ್ ಸಿಂಗರು 1877ರಾಗ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಗೆ ಆರ್ಡರ್ ಕೊಟ್ರು. ಖುರ್ಚಿ, ಮೇಜು, ಅತ್ತರಿನ ಶೀಶೆ, ಊಟದ ಸಾಮಾನು, ಕಡೀಕ ಮಂಚ ಸೈತ ಗಾಜಿಂದೇ. ಅದು ಕೈಗೆ ಹತ್ತೂದರಾಗ, 1884ರಾಗ, ರಾಜರೇ ತೀರಿಕೊಂಡ್ರು. ಪೆಟಗಿ ನೂರು ವರ್ಷಕ್ಕಿಂತ ಹೆಚ್ಚು ಹಂಗೇ ಬಿದ್ದಿದ್ವು. ಈಗ ಫತೇ ಪ್ರಕಾಶ್ ಅರಮನ್ಯಾಗ ಬಿಚ್ಚಿ ಇಟ್ಟಾರ.

ಕಾಕಾ: ಗಾಜಿನ ಮಂಚ! ಮಲಗಿದವರು ಯಾರೂ ಇಲ್ಲ ಅಂತಾತು.

ಮಗಳು: ಯಾರೂ ಇಲ್ಲ. ಆದ್ರ ಅದೇ ಕಂಪನಿ 1851ರ ಲಂಡನ್ ಪ್ರದರ್ಶನಕ್ಕ ಮಾಡಿದ ಗಾಜಿನ ಕಾರಂಜಿ ಕೇಳ್ರಿ. ಇಪ್ಪತ್ತೇಳು ಅಡಿ ಎತ್ತರ, ನಾಲ್ಕು ಟನ್ ಗಾಜು. ಲಕ್ಷಾಂತರ ಜನ ಅದರ ಬುಡಕ್ಕ ನಿಂತು ನೋಡಿದ್ರು. 1936ರಾಗ ಅದನ್ನ ಇಟ್ಟಿದ್ದ ಕ್ರಿಸ್ಟಲ್ ಪ್ಯಾಲೇಸಿಗೆ ಬೆಂಕಿ ಬಿದ್ದಾಗ ಅದೂ ಹೋತು. ಜನರ ನಡುವ ನಿಂತದ್ದು ಹೋತು, ಪೆಟಗ್ಯಾಗ ಮಲಗಿದ್ದು ಉಳೀತು. ನೀವು ಹೇಳಿದ್ದು ಖರೆ ಅನಸ್ತದ. ಹಂಗಂತ ಒಡದದ್ದು ಕಡೀಕ ತಿಪ್ಪ್ಯಾಗೇ ಉಳೀತದ ಅಂದ್ರ ಅದು ಸುಳ್ಳು. ಕೊಲ್ಹಾಪುರದ ಬ್ರಹ್ಮಪುರಿ ಒಳಗ 1945ರ ಸುಮಾರಿಗೆ ನೆಲ ಅಗದ್ರು. ಸಂಕಾಲಿಯಾ, ದೀಕ್ಷಿತ್ ಅಂತ ಇಬ್ಬರು. ಬಹಮನಿ ಕಾಲದ ಥರಾ ಬಂದಾಗ ಏನು ಸಿಕ್ತು ಹೇಳ್ರಿ?

ಕಾಕಾ: ನಾಣ್ಯ?

ಮಗಳು: ಅದೂ ಸಿಕ್ಕಿರ್ತದ. ಅದರ ಜೋಡಿ ಗಾಜಿನ ಬಳಿ ಚೂರು. ಕರೇವು, ಹಸರು, ಒಂದರ ಮ್ಯಾಲ ಒಂದು ಬಣ್ಣದ ಎಳಿ ಕೂಡಿಸಿದವು. ದೀಕ್ಷಿತ್ ಅವರು ಭಾರತದ ಗಾಜಿನ ಇತಿಹಾಸ ಅಂತ ಒಂದು ಪುಸ್ತಕಾನೇ ಬರದ್ರು, 1969ರಾಗ ಬಂತು. ಕಲಬುರಗಿ, ಬೀದರ ರಾಜಧಾನಿ ಇದ್ದ ಕಾಲದ ಬಳಿ, ಕಾಕಾ. ಯಾರದೋ ಕೈಯಾಗ ಒಡದದ್ದು, ಕಸದಾಗ ಬಿದ್ದದ್ದು. ಅದನ್ನೂ ಎಣಿಸಿ, ತೊಳದು, ನಂಬರ್ ಬರದು ಇಟ್ಟಾರ.

ಕಾಕಾ ಈ ಸುದ್ದಿಗೆ ತಯಾರಿರಲಿಲ್ಲ. ಬಳೆಯ ಚೂರು ಎಂದರೆ ಅವರ ಲೆಕ್ಕದಲ್ಲಿ ನಷ್ಟ; ಸಂಜೆ ಅಂಗಡಿ ಮುಚ್ಚುವಾಗ ಗುಡಿಸಿ ಮೊರದಲ್ಲಿ ತುಂಬುವ ವಸ್ತು. ಒಂದಿಷ್ಟು ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ವ್ಯಾಪಾರಿಯ ಪ್ರಶ್ನೆಯನ್ನೇ.

ಕಾಕಾ: ಬೆಸದದ್ದರ ಗುರ್ತು ಕಾಣ್ತಿತ್ತೇನು ಅವುಗಳಾಗ?

ಮಗಳು: ಆ ಚೂರು ನಾ ಕೈಯಾಗ ಹಿಡದು ನೋಡಿಲ್ರಿ. ಯಾಕ ಕೇಳಿದ್ರಿ?

ಕಾಕಾ: ಬಳಿ ಅಂದ್ರ ಬೆಸಿಗಿ. ಫಿರೋಜಾಬಾದದಾಗ ನಾ ನೋಡೀನಿ. ಭಟ್ಟಿಯಿಂದ ತಗದ ಗಾಜಿನ ಎಳಿ ತಿರುಗೋ ಬೇಲನ್ನಿನ ಮ್ಯಾಲ ಸುರುಳಿ ಸುರುಳಿ ಸುತ್ತಿಕೋತ ಹೋಗ್ತದ. ಆರಿದ ಮ್ಯಾಲ ಸುರುಳಿಗೆ ಉದ್ದಕ್ಕ ಗೀರು ಹಾಕಿದ್ರ ಬಾಯಿ ತೆರದ ಬಳಿ ಬೀಳ್ತಾವ. ಅವು ಮನಿ ಮನಿಗೆ ಹೋಗ್ತಾವ. ಹೆಣ್ಮಕ್ಕಳು ಸಾಲು ಕೂತು ಎರಡೂ ತುದಿ ದೀಪದ ಉರಿಗೆ ಹಿಡದು ಬೆಸೀತಾರ. ಜುಡಾಯಿ ಅಂತಾರ. ಎಂಥಾ ಬ್ಯಾಸಗ್ಯಾಗೂ ಫ್ಯಾನ್ ಹಚ್ಚಂಗಿಲ್ಲ, ಉರಿ ಅಲಗಾಡ್ತದ. ಆ ಬೆಸಿಗಿ ಕಣ್ಣಿಗೆ ಕಾಣಬಾರದು, ಬೆರಳಿಗೆ ಹತ್ತಬಾರದು. ಅದು ಚಲೋ ಕೆಲಸ. ಅಂಥಾ ಕೆಲಸಕ್ಕ ಇಲ್ಲಿ ಜಾಗಾ ಎಲ್ಲದ?

ಮಗಳು: ನೀವೇ ಹೇಳ್ರಿ. ಆ ಹೆಣ್ಮಕ್ಕಳ ಪೈಕಿ ಒಬ್ಬಾಕೀ ಹೆಸರು ಗೊತ್ತೇನು ನಿಮಗ?

ಕಾಕಾ: ಅಂ?

ಮಗಳು: ಮ್ಯೂಸಿಯಂ ಚೀಟಿ ಮ್ಯಾಲ ಕೊಪ್ಪಳದ ರೈತನ ಹೆಸರಿಲ್ಲ, ಖರೆ. ನಿಮ್ಮ ಅಂಗಡಿ ಡಬ್ಬಿ ಮ್ಯಾಲ ಬೆಸದಾಕಿ ಹೆಸರಿತ್ತೇನು? ಕಂಪನಿ ಲೇಬಲ್ ಇತ್ತು, ಅಳತಿ ಇತ್ತು. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಅಷ್ಟೇ.

ಕಾಕಾ: ವ್ಯಾಪಾರದಾಗ ಹೆಸರು ಯಾರು ಕೇಳ್ತಾರ?

ಮಗಳು: ಹಂಗಾದ್ರ ಮ್ಯೂಸಿಯಂಕ್ಕೊಂದು ನ್ಯಾಯ, ಅಂಗಡಿಗೊಂದು ನ್ಯಾಯ ಆತು.

ಕಾಕಾ: ಆಗಲಿ. ನಾ ಅಂಗಡಿಕಾರ. ಹೊಟ್ಟಿಪಾಡಿಗೆ ಮಾರಿದೆ, ಊರಿಗೆ ಇತಿಹಾಸ ಹೇಳ್ತೀನಿ ಅಂತ ಬೋರ್ಡ್ ಹಾಕಿರಲಿಲ್ಲ. ಬೋರ್ಡ್ ಹಾಕಿದವರು ಹೇಳಬೇಕು. ಅಲ್ನೋಡು, ಆ ಹೂದಾನಿ ಮ್ಯಾಲ ಏನೋ ಬರದದ. ಹೆಸರಿರಬೇಕಲ್ಲ.

ಮಗಳು: ಗಾಲೆ ಅಂತ ಇರ್ತದ ಅಂಥಾವುಗಳ ಮ್ಯಾಲ. ಫ್ರಾನ್ಸಿನ ನಾನ್ಸಿ ಊರಿನ ಎಮಿಲ್ ಗಾಲೆ, 1904ರಾಗ ತೀರಿಕೊಂಡ. ಎರಡು ಮೂರು ಬಣ್ಣದ ಪದರ ಕೂಡಿಸಿ, ಬ್ಯಾಡಾದ್ದನ್ನ ಆಮ್ಲದಿಂದ ತಿನಿಸಿ, ಎಲಿ, ಹೂವು, ದುಂಬಿ ಉಳಿಸ್ತಿದ್ರು.

ಕಾಕಾ: ‘ತಿದ್ರು’ ಅಂದಿ. ಒಬ್ಬನೇ ಅಲ್ಲ ಅಂತಾತು.

ಮಗಳು: ಅಲ್ಲ. ಕಾರ್ಖಾನಿ ಇತ್ತು, ಆಳು ಭಾಳ ಇದ್ರು. ಅವನು ಸತ್ತ ಮ್ಯಾಲೂ ವರ್ಷಗಟ್ಲೆ ಅವನ ಹೆಸರಿನ ಮಾಲು ಬರ್ತಿತ್ತು.

ಕಾಕಾ: ನೋಡು! ಸಹಿ ಮಾಲೀಕಂದು, ಕೈ ಬ್ಯಾರೆಯವರದು. ಊರು ಯಾವುದಾದ್ರೇನು, ಗಾಜಿನ ಧಂದೇನೇ ಹಿಂಗ.

ಮಗಳು: ಈ ಮಾತಿಗೆ ನಾ ಎದುರು ಹೇಳಂಗಿಲ್ಲ.

ಅಷ್ಟರಲ್ಲಿ ಗಡಿಯಾರ ನೋಡಿದ ಗುಂಪು ತಿರುಗಿ ಬಂತು. ಒಬ್ಬ ಪೋರ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಗಾಜಿಗೆ ಒತ್ತಿ ಮೂಗು ಚಪ್ಪಟೆ ಮಾಡಿಕೊಂಡು ನಿಂತ. ಸಿಪಾಯಿ ಸೀಟಿ ಊದಿದ. ಅವರ ಗದ್ದಲ ತಪ್ಪಿಸಿಕೊಂಡು ಇಬ್ಬರೂ ನಮ್ಮ ಕಡೆಯ ಸಾಮಾನು ಹುಡುಕಿಕೊಂಡು ಬಿದ್ರಿಯ ಜಾಗಕ್ಕೆ ಬಂದರು. ಇಲ್ಲಿ ಕಾಕಾನ ನಡಿಗೆಯೇ ಬದಲಾಯಿತೆನ್ನಬೇಕು. ಬೀದರದ ಕೋಟೆಯ ಮಣ್ಣಿನಲ್ಲಿ ಕಪ್ಪಾದ ಸತುವು, ಅದರ ಮೇಲೆ ಬೆಳ್ಳಿಯ ಬಳ್ಳಿ. ಮಗಳು ದುಂಡನೆಯ ಹುಕ್ಕಾವೊಂದರ ಮುಂದೆ ನಿಲ್ಲಿಸಿದಳು.

ಮಗಳು: ಈ ಆಕಾರ ನೆನಪಿಡ್ರಿ. ಉತ್ತರದ ಮೊಗಲರ ಕಾಲದ ಗಾಜಿನ ಹುಕ್ಕಾಗಳೂ ಹಿಂಗೇ ದುಂಡಗ ಇರ್ತಾವ. ಹಸರು, ನೀಲಿ ಗಾಜು, ಮ್ಯಾಲ ಬಂಗಾರದ ಗಸಗಸಿ ಹೂವು. ಹದಿನೆಂಟನೇ ಶತಮಾನದಾಗ ಗುಜರಾತಿನ ಕಡೆ ಚೌಕದ ಶೀಶೆ ಸೈತ ಹಿಂಗೇ ಬಣ್ಣ ಬರದು ಅಲಂಕಾರ ಮಾಡಿದ್ದು ಸಿಗ್ತಾವ. ಆ ಶೀಶೆಯ ಆಕಾರ ಯುರೋಪಿನ ಹಡಗಿನಾಗ ಸಾರಾಯಿ ತುಂಬಿ ತರ್ತಿದ್ದ ಶೀಶೇದು, ಮ್ಯಾಲಿನ ಚಿತ್ರ ನಮ್ಮವರದು. ನಿಮ್ಮ ‘ಆಚಿಂದು, ಈಚಿಂದು’ ಅನ್ನೋ ಗೋಡಿ ಗಾಜಿನಾಗ ನಿಲ್ಲಂಗಿಲ್ಲ.

ಕಾಕಾ: ನಿಲ್ಲದಿದ್ರ ಇಬ್ಬರಿಗೂ ಒಂದೇ ಪೆಟಗಿ ಕೊಡಬೇಕಿತ್ತಲ್ಲ. ಯುರೋಪಿಂದು ಆ ಕಡೆ, ಬೀದರದ್ದು ಈ ಕಡೆ ಯಾಕ ಇಟ್ಟಾರ?

ಮಗಳು: …ಅದೂ ಖರೇನೇ.

ಕಾಕಾ: ಬಿದ್ರಿ ನನಗ ಯಾಕ ಸೇರ್ತದ ಅಂದ್ರ, ಕೈತಪ್ಪಿ ಬಿದ್ರ ಒಂದು ಮೂಲಿ ಮುರೀಬಹುದು, ಮನಷ್ಯಾ ಕೂತು ಅಳೂವಂಗೇನೂ ಆಗಂಗಿಲ್ಲ.

ಮಗಳು: ಗಾಜು ಮಾರಿದವರ ಬಾಯಾಗ ಈ ಮಾತೇನು!

ಕಾಕಾ: ಗಾಜು ಮಾರಿದವನಿಗೇ ಗೊತ್ತು. ನಮ್ಮ ಧಂದೆ ನಿಂತಿದ್ದೇ ಒಡಿಯೂದರ ಮ್ಯಾಲ. ಪ್ಲಾಸ್ಟಿಕ್, ಮೆಟಲ್ ಬಳಿ ಬಂದ ಮ್ಯಾಲ ವ್ಯಾಪಾರ ಯಾಕ ಕುಂತಿತು? ಅವು ಒಡಿಯಂಗಿಲ್ಲ. ಹಬ್ಬಕ್ಕೊಮ್ಮಿ ಬರೋ ಹೆಣ್ಮಕ್ಕಳು ಮೂರು ವರ್ಷಕ್ಕೊಮ್ಮಿ ಬರ್ಲಾಕತ್ರು. ಒಡದ್ರ ಮತ್ತ ಭಟ್ಟಿ ಉರೀತದ, ಮತ್ತ ಬೆಸೀತಾರ, ಮತ್ತ ನಮ್ಮ ಅಂಗಡಿಗೆ ಬರ್ತಾರ. ಒಡಿಯದಂಗ ಕಾಯೂ ಕೆಲಸ ನಿಮ್ಮದು, ಒಡದಾಗ ಹೊಸಾದು ಕೊಡೂದು ನಮ್ಮದು.

ಮಗಳು: ಭಟ್ಟೀನೇ ಆರಿಹೋದ್ರ? ಫಿರೋಜಾಬಾದದ ಭಟ್ಟಿಗೋಳು ತಾಜಮಹಲಿನ ಸಲುವಾಗಿ ಕಲ್ಲಿದ್ದಲು ಬಿಡಬೇಕಾತು, 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಗ್ಯಾಸ್ ಬಂತು. ನಾಳೆ ಇನ್ನೊಂದು ಬರ್ತದ. ಆಂಧ್ರದ ಪಾಪಾನಾಯ್ಡುಪೇಟ ಅಂತ ಒಂದು ಹಳ್ಳ್ಯಾಗ ಗಾಜಿನ ಮಣಿ ಎಳೆಯೋ ವಿದ್ಯಾ ಅದ. ಪುದುಚೇರಿ ಹತ್ರದ ಅರಿಕಮೇಡುದಾಗ ಎರಡು ಸಾವಿರ ವರ್ಷದ ಹಿಂದ ಮಾಡ್ತಿದ್ದ ಅದೇ ರೀತಿ ಅಂತ ಪಂಡಿತರು ಗುರ್ತಿಸ್ಯಾರ. ಕೈಯಿಂದ ಕೈಗೆ ಬಂದದ್ದಕ್ಕ ಅದು ಉಳೀತು. ಆದ್ರ ಅರಿಕಮೇಡುದಾಗ ಮಣ್ಣಿನಾಗ ಸಿಕ್ಕ ಮಣಿ ಯಾರೂ ಆರಿಸಿ ಇಡದಿದ್ರ ಎರಡೂ ಒಂದೇ ವಿದ್ಯಾ ಅಂತ ತಿಳೀತಿತ್ತೇನು? ಕಾಯೋರೂ ಬೇಕು, ಕಾಕಾ.

ಕಾಕಾ: ಕಾಯ್ಲಿ. ಆದ್ರ ನಿಮ್ಮ ಪೆಟಗ್ಯಾಗೂ ಗಾಜು ಸಾಯ್ತದ ಅಂತ ನೀನೇ ಹೇಳಿದಿ. ಬೆವರ್ತದ, ಬಿರೀತದ ಅಂದೆಲ್ಲ?

ಮಗಳು: ಹದಾ ತಪ್ಪಿದ ಗಾಜು ಮಾತ್ರ. ಗಾಳ್ಯಾಗಿನ ತೇವಕ್ಕ ಒಳಗಿನ ಕ್ಷಾರ ಹೊರಗ ಬಂದು ಮೈ ಜಿಗಟ ಆಗ್ತದ. ಹೆಚ್ಚು ತೇವ ಆದ್ರೂ ಕೆಡಕು, ಪೂರಾ ಒಣಗಿದ್ರ ಬಿರುಕು. ಅದಕ್ಕ ಮ್ಯೂಸಿಯಂದವರು ತೇವಾ ಅಳೀಕೋತ ಇರಬೇಕಾಗ್ತದ.

ಕಾಕಾ: ಮಳಿಗಾಲದಾಗ ಗೋದಾಮಿನ ಬಳಿ ಮಬ್ಬು ಹಿಡೀತಿದ್ವು ನೋಡು, ಸುತ್ತಿದ ಕಾಗದ ಮೈಗೆ ಅಂಟ್ತಿತ್ತು. ಅದೇ ರೋಗ ಏನು?

ಮಗಳು: ಅದರ ತಮ್ಮ ಅನ್ರಿ. ಏನು ಮಾಡ್ತಿದ್ರಿ ಆಗ?

ಕಾಕಾ: ಏನು ಮಾಡೂದು? ಒಣ ಅರಿವಿಲೆ ಒರಸಿ, ಶ್ರಾವಣದಾಗ ಮುಂದಿನ ಸಾಲಿಗೆ ಇಟ್ಟು ಮದಲ ಮಾರಿ ಬಿಡೂದು. ಕೈಗೆ ಏರಿದ್ರ ಬಳಿ ಹೊಳೀತದ. ದಿನಾ ತಿಕ್ಕಾಟಕ್ಕ ಅದಕ್ಕ ಮಬ್ಬು ಹಿಡೀಲಾಕ ಪುರುಸೊತ್ತಿಲ್ಲ.

ಮಗಳು: ಅಂದ್ರ ಒಂದೂ ಇಟ್ಟುಕೊಂಡಿಲ್ಲೇನು? ಹಳೇ ನಮೂನಿ, ಈಗ ಬರದಂಥಾ ಡಿಸೈನು?

ಕಾಕಾ: ಒಂದು ಪೆಟಗಿ ಅಟ್ಟದ ಮ್ಯಾಲ ಅದ. ಹಳೇ ಮಾಲು. ಹಸರಿನ ಮ್ಯಾಲ ಬಂಗಾರದ ಚುಕ್ಕಿ, ಆ ನಮೂನಿ ಮಾಡೋ ಭಟ್ಟಿ ಈಗಿಲ್ಲ. ಮಗಾ ಒಗೀತೀನಿ ಅಂತಾನ, ನಾ ಬಿಟ್ಟಿಲ್ಲ.

ಮಗಳು: ಆಹಾ! ಅದು ಮತ್ತೇನು, ಮ್ಯೂಸಿಯಂ ಅಲ್ಲೇನು?

ಕಾಕಾ: ಮ್ಯೂಸಿಯಂ ಅಂತ, ಮ್ಯೂಸಿಯಂ! ಅದು ಸ್ಟಾಕು.

ಮಗಳು: ಹಂಗಾದ್ರ ನಮ್ಮ ಕಾಲೇಜಿಗೆ ಕೊಡ್ರಿ. ಒಂದು ಕಪಾಟಿನಾಗ ಇಡ್ತೀವಿ. ಹೆಸರು ಬರೀತೀವಿ, ನಿಮ್ಮದೂ, ಫಿರೋಜಾಬಾದದ ಹೆಣ್ಮಕ್ಕಳದೂ. ಬಡದು ನೋಡ್ಲಾಕ ಹುಡುಗರಿಗೆ ನಾಲ್ಕು ಬಳಿ ಹೊರಗ ಬ್ಯಾರೆ ಇಡ್ತೀವಿ.

ಕಾಕಾ: ಹೊರಗ ಇಟ್ಟ ನಾಲ್ಕು ಒಡದ ಮ್ಯಾಲ?

ಮಗಳು: ಮತ್ತ ನಾಲ್ಕು ತಗೀತೀವಿ.

ಕಾಕಾ: ಪೆಟಗಿ ಬರಿದಾಗೂ ತನಕ. ಛಲೋ ಅದ ನಿನ್ನ ಯೋಜನಾ. ಆದ್ರ ಈಗ ಕೊಡ್ಲಾಕ ಬರಂಗಿಲ್ಲ. ಅದರಾಗ ಎರಡು-ನಾಲ್ಕರ ಅಳತಿ ಎರಡು ಡಜನ್ ಇನ್ನೂ ಅವ. ಸಣ್ಣ ಕೈಯಾಕಿ ಯಾರರ ಬಂದು ಕೇಳಿದ್ರ ಏನು ಹೇಳಲಿ? ನಡಿ, ಲಾಡ್ ಬಜಾರಿನಾಗ ಹೊತ್ತಾದ್ರ ರೇಟು ಏರಸ್ತಾರ.